ಸ್ಪೀಕರ್ ಟ್ಯಾಪಿಂಗ್ ಅಂದ್ರೆ ಏನು?

ಮಂಡ್ಯದ ಒಂದು ಛತ್ರದಲ್ಲಿ ಮುಹೂರ್ತದ ಹೊತ್ತಿಗೆ ಹಿಂದಿನ ಸಾಲಲ್ಲಿ ಕೂತಿದ್ದೆ. ಗೇಟಿಗೆ ಅಡ್ಡ ನಿಲ್ಲಿಸಿದ ಕಾರು ತೆಗೆಯಿರಿ ಅಂತ ಮೈಕಿನಲ್ಲಿ ಯಾರೋ ಕೂಗುತ್ತಿದ್ದರು. ‘ಕೆಎ 11’ ಅನ್ನುವುದಷ್ಟೇ ತಿಳಿಯಿತು, ಉಳಿದದ್ದೆಲ್ಲ ಬರೀ ಗುಂಯ್. ಸೌಂಡ್ ಕಮ್ಮಿ ಇತ್ತಾ? ಎಲ್ಲಿ ಬಂತು, ಸ್ಪೀಕರ್ ಪಕ್ಕ ಕೂತ ಅಜ್ಜಿ ಕಿವಿ ಮುಚ್ಚಿಕೊಂಡಿದ್ದರು! ಕಾರಿನ ವಿಷಯ ಬಿಡಿ, ಅಡುಗೆಮನೆಗೆ ಬೆಂಕಿ ಬಿದ್ದಿದೆ, ಹಿಂದಿನ ಬಾಗಿಲಿಂದ ಹೊರಡಿ ಅಂತ ಹೇಳಬೇಕಾಗಿದ್ದರೆ?

ಹಾಗೆ ಬಾಯಿಮಾತಲ್ಲಿ ಎಚ್ಚರಿಸುವ ವ್ಯವಸ್ಥೆಗೆ ವಾಯ್ಸ್ ಅಲಾರ್ಮ್ ಅನ್ನುತ್ತಾರೆ. ಅದನ್ನು ಕೂರಿಸುವವರ ಬಾಯಲ್ಲಿ ಪದೇ ಪದೇ ಬರುವ ಪದ ಟ್ಯಾಪಿಂಗ್.

ಅದು ತಿಳಿಯಬೇಕಾದರೆ ಮೊದಲು ಸ್ಪೀಕರ್‌ಗಳಿಗೆ ಸದ್ದು ಒಯ್ಯುವ 100 ವೋಲ್ಟ್ ಲೈನ್ ಅಂದರೇನು ನೋಡೋಣ. 1902ರಲ್ಲಿ ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯಿತಲ್ಲ, ಅಷ್ಟು ದೂರದ ತಂತಿಯಲ್ಲೇ ವಿದ್ಯುತ್ ಬಿಸಿಯಾಗಿ ಪೋಲಾಗದಿರಲಿ ಅಂತ ವೋಲ್ಟೇಜ್ ಏರಿಸಿ ಕಳಿಸಿ, ಅಲ್ಲಿ ಇಳಿಸಿಕೊಂಡರು. ಇಲ್ಲೂ ಅದೇ ಉಪಾಯ. ಆಂಪ್ಲಿಫೈಯರ್‌ನಿಂದ 100 ವೋಲ್ಟ್ ಲೈನ್ ಹೊರಡುತ್ತದೆ, ಪ್ರತಿ ಸ್ಪೀಕರ್ ಬೆನ್ನಿಗೂ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಅದರಲ್ಲಿ 6, 3, 1.5 ಹೀಗೆ ಬೇರೆ ಬೇರೆ ವಾಟ್‌ಗೆ ಬೇರೆ ಬೇರೆ ತಂತಿ. ಯಾವುದಕ್ಕೆ ಲೈನ್ ಕೊಡುತ್ತೀರೋ ಅಷ್ಟೇ ವಾಟ್ ಆ ಸ್ಪೀಕರ್ ಎಳೆದುಕೊಳ್ಳುತ್ತದೆ. ಇದೇ ಟ್ಯಾಪಿಂಗ್.

ಸುಮ್ನೆ ಎಲ್ಲವನ್ನೂ 6ಕ್ಕೇ ಇಟ್ಟರೆ ಆಗಲ್ವಾ? ಎಲ್ಲರೂ ಎಡವುವುದು ಇಲ್ಲೇ. ವಾಟ್ ಎರಡು ಪಟ್ಟು ಆದರೆ ಸದ್ದು ಏರುವುದು ಬರೀ 3 ಡೆಸಿಬೆಲ್ (ಸದ್ದಿನ ಅಳತೆ). ಬಯಲಲ್ಲಿ ದೂರ ಎರಡು ಪಟ್ಟು ಆದರೆ ಇಳಿಯುವುದು 6. ಅಂದರೆ ಎರಡು ಪಟ್ಟು ದೂರಕ್ಕೆ ಅಷ್ಟೇ ಸದ್ದು ಮುಟ್ಟಿಸಲು ನಾಲ್ಕು ಪಟ್ಟು ವಾಟ್ ಬೇಕು. ಒಂದು ವಾಟ್‌ಗೆ, ಒಂದು ಮೀಟರ್ ದೂರದಲ್ಲಿ 92 ಡೆಸಿಬೆಲ್ ಕೊಡುವ ಸ್ಪೀಕರ್ ತಗೊಳ್ಳಿ. 6 ವಾಟ್‌ಗೆ ಸುಮಾರು 100 ಆಯಿತು. 4 ಮೀಟರ್ ದೂರಕ್ಕೆ 88. 16 ಮೀಟರ್‌ಗೆ 76. ಮದುವೆಮನೆ ಗಲಾಟೆ, ಓಲಗ, ತಟ್ಟೆ ಸದ್ದಿನ ಮಧ್ಯೆ 76 ಎಲ್ಲಿ ನಿಲ್ಲುತ್ತದೆ? ಅಮೆರಿಕದ ಎನ್‌ಎಫ್‌ಪಿಎ 72 ಎಂಬ ಫೈರ್ ಅಲಾರ್ಮ್ ನಿಯಮ, ಅಲಾರ್ಮ್ ಸದ್ದು ಆ ಜಾಗದ ಸರಾಸರಿ ಗದ್ದಲಕ್ಕಿಂತ 15 ಡೆಸಿಬೆಲ್ ಜಾಸ್ತಿ ಇರಬೇಕು ಅನ್ನುತ್ತದೆ. ಹಾಗಂತ ಮುಂದಿನ ಸ್ಪೀಕರ್ ಡಬ್ಬದ ವಾಲ್ಯೂಮ್ ಏರಿಸಿದರೆ ಪಾಪ ಅಜ್ಜಿ ಗತಿ ಏನು?

ಅದಕ್ಕೇ ದೊಡ್ಡ ಡಬ್ಬ ಎರಡರ ಬದಲು ಸಣ್ಣವು ಹತ್ತಾರು, ಕಮ್ಮಿ ಟ್ಯಾಪಿಂಗ್‌ನಲ್ಲಿ, ಜನರ ಹತ್ತಿರ. ಸೀಲಿಂಗ್ 3 ಮೀಟರ್, ಕೂತವರ ಕಿವಿ ನೆಲದಿಂದ ಸುಮಾರು 1.2 ಮೀಟರ್ ಅಂದುಕೊಳ್ಳಿ. ಸೀಲಿಂಗ್‌ನಲ್ಲಿರುವ ಸ್ಪೀಕರ್ ಸದ್ದನ್ನು 90 ಡಿಗ್ರಿ ಕೋನದಲ್ಲಿ ಹರಡಿದರೆ ಕಿವಿಯ ಮಟ್ಟದಲ್ಲಿ 3.6 ಮೀಟರ್ ಅಗಲದ ವೃತ್ತ ತುಂಬುತ್ತದೆ. ವೃತ್ತಗಳು ಒಂದಕ್ಕೊಂದು ತಾಗುವ ಹಾಗೆ ಸ್ಪೀಕರ್ ಕೂರಿಸಿದರೆ ಮುಂದಿನವರಿಗೂ ಹಿಂದಿನವರಿಗೂ ಹೆಚ್ಚುಕಮ್ಮಿ ಒಂದೇ ಸದ್ದು. ಕಾರಿಡಾರ್, ಸ್ಟೋರ್ ರೂಮಿಗೆ 1.5 ವಾಟ್ ಸಾಕಾಗಬಹುದು. ಜನರೇಟರ್ ಗದ್ದಲದ ಪಕ್ಕ ಜೋರಾದ ಹಾರ್ನ್ ಸ್ಪೀಕರ್ ಬೇಕು.

ಆ ಗುಂಯ್ ಎಲ್ಲಿಂದ ಬಂತು ಅಂದ್ರಾ? ಗ್ರಾನೈಟ್ ನೆಲ, ಬೋಳು ಗೋಡೆ, ಎತ್ತರದ ಸೂರು. ಒಂದು ಅಕ್ಷರ ಸಾಯುವ ಮೊದಲೇ ಇನ್ನೊಂದು ಅದರ ಮೇಲೆ ಬೀಳುತ್ತದೆ. ಇದಕ್ಕೆ ವಾಟ್ ಮದ್ದಲ್ಲ, ವಾಟ್ ಏರಿಸಿದರೆ ಪ್ರತಿಧ್ವನಿಯೂ ಜೊತೆಗೇ ಏರುತ್ತದೆ. ಮಾತು ಎಷ್ಟು ಸ್ಪಷ್ಟ ಅಂತ ಅಳೆಯಲು ಎಸ್‌ಟಿಐ ಎಂಬ ಅಳತೆ ಇದೆ, ಸೊನ್ನೆಯಿಂದ ಒಂದರವರೆಗೆ. ಸಾಮಾನ್ಯವಾಗಿ 0.5 ಮುಟ್ಟಬೇಕು ಅನ್ನುತ್ತಾರೆ. ನಮ್ಮ ಕಡೆ ಛತ್ರ ಕಟ್ಟುವವರು ಕಲ್ಲಿಗೆ ಸುರಿಯುವ ದುಡ್ಡಲ್ಲಿ ಒಂಚೂರು ಸದ್ದು ಹೀರುವ ಪರದೆಗೂ ಹಾಕಿದರೆ ಎಷ್ಟೋ ವಾಸಿ.

ಇನ್ನು ಆಂಪ್ಲಿಫೈಯರ್. ಟ್ಯಾಪಿಂಗ್‌ಗಳನ್ನೆಲ್ಲ ಕೂಡಿ. 40 ಸ್ಪೀಕರ್, ತಲಾ 3 ವಾಟ್, 120 ಆಯಿತು. ಮೇಲೆ ಕಾಲು ಭಾಗ ಬಿಟ್ಟುಕೊಂಡು 150 ವಾಟ್‌ನದು ತಗೊಳ್ಳಿ. ಲೈನ್ ಒಂದೇ ಬೇಡ, ಎರಡು ಇರಲಿ, ಒಂದು ಬಿಟ್ಟು ಒಂದು ಸ್ಪೀಕರ್ ಬೇರೆ ಬೇರೆ ಲೈನಿಗೆ. ಒಂದು ಸುಟ್ಟರೂ ಹಾಲ್ ಪೂರ್ತಿ ಮೂಕ ಆಗಲ್ಲ.

ಟ್ಯಾಪಿಂಗ್ ಎಷ್ಟಿಟ್ಟಿರಿ ಅನ್ನುವುದನ್ನು ಪ್ರತಿ ಸ್ಪೀಕರ್ ಬೆನ್ನಿಗೂ ಮಾರ್ಕರ್‌ನಲ್ಲಿ ಬರೆದಿಡಿ. ಇಲ್ಲದಿದ್ದರೆ ಎರಡು ವರ್ಷ ಬಿಟ್ಟು ರಿಪೇರಿಗೆ ಬಂದ ಹುಡುಗ ಎಲ್ಲವನ್ನೂ ಫುಲ್‌ಗೆ ತಿರುಗಿಸಿ, ‘ಈಗ ನೋಡಿ ಅಣ್ಣ ಹೆಂಗದೆ’ ಅಂತ ಹೋಗಿಬಿಡುತ್ತಾನೆ.