ತೋಟಕ್ಕೆ ಬೇಲಿ ಇದೆ, ಆದರೂ ಸರ್ವೆ ಮಾಡಿಸಬೇಕಾ?

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ಒಂದು ಅಡಿಕೆ ತೋಟ ನೋಡಿದ್ದೇವೆ. ಪಹಣಿಯಲ್ಲಿ 2.10 ಎಂದಿದೆ. ಸುತ್ತ ಹಳೇ ಬೇಲಿ ಇದೆ, ಮಾರುವವರೂ ಪರಿಚಯದವರೇ. ಆದರೂ ಸರ್ವೆ ಬೇಕಾ?

ಬೇಕೇ ಬೇಕು. ಅದೂ ಅಡ್ವಾನ್ಸ್ ಕೊಡುವ ಮೊದಲೇ. ಮಾರುವವರು ಸುಳ್ಳು ಹೇಳುತ್ತಾರೆ ಅಂತಲ್ಲ. ಎಷ್ಟೋ ಸಲ ಗಡಿ ಎಲ್ಲಿದೆ ಅಂತ ಅವರಿಗೂ ಗೊತ್ತಿರುವುದಿಲ್ಲ. ದನ ನುಗ್ಗಬಾರದು ಅಂತ ಅಜ್ಜನ ಕಾಲದಲ್ಲಿ ಹಾಕಿದ ಬೇಲಿ ಇರುತ್ತದೆ. ಹಳ್ಳದ ದಂಡೆ, ಧರೆ, ಅಗಳ ಎಲ್ಲಿ ಅನುಕೂಲವೋ ಅಲ್ಲಿ ಹಾದುಹೋಗಿರುತ್ತದೆ.

ಮೊದಲು ಆ 2.10 ನೋಡೋಣ. ಅದು 2 ಎಕರೆ 10 ಗುಂಟೆ. ಎಕರೆಗೆ 40 ಗುಂಟೆ, ಹಾಗಾಗಿ ಇದು ಎರಡೂಕಾಲು ಎಕರೆ. ಕ್ಯಾಲ್ಕುಲೇಟರಿನಲ್ಲಿ ಸುಮ್ನೆ 2.10 ಒತ್ತಿ ಎಕರೆ ದರದಿಂದ ಗುಣಿಸಿದರೆ ಮಾರುವವರಿಗೆ 6 ಗುಂಟೆಯ ದುಡ್ಡು ಕಡಿಮೆ ಸಿಗುತ್ತದೆ. ಕರಾರಿನಲ್ಲಿ ಎಕರೆ, ಗುಂಟೆ ಬೇರೆ ಬೇರೆಯಾಗಿ ಅಕ್ಷರದಲ್ಲೇ ಬರೆಸಿ. ಪಹಣಿಯಲ್ಲಿ ಖರಾಬು (ಸಾಗುವಳಿಗೆ ಬಾರದ ಜಾಗ) ಕಳೆದು ಉಳಿದದ್ದು ಎಷ್ಟು ಅಂತಲೂ ನೋಡಿ. ಹಳ್ಳ, ದಾರಿಯಂಥ ‘ಬ’ ಖರಾಬು ಸರ್ಕಾರದ್ದು, ಅದನ್ನು ಯಾರೂ ಮಾರುವ ಹಾಗಿಲ್ಲ.

ಮಲೆನಾಡಿನಲ್ಲಿ ಜಾಸ್ತಿ ಮೋಸ ಹೋಗುವುದು ಇಳಿಜಾರಿನಲ್ಲಿ. ಟೇಪ್ ಹಿಡಿದು ಗುಡ್ಡದ ಮೈಗುಂಟ ಅಳೆದರೆ ಉದ್ದ ಹೆಚ್ಚು ಬರುತ್ತದೆ. ಸರ್ವೆ ಲೆಕ್ಕ ಹಿಡಿಯುವುದು ಮಟ್ಟದ ಅಳತೆಯನ್ನು. 30 ಡಿಗ್ರಿ ಇಳಿಜಾರಿನಲ್ಲಿ ಟೇಪ್ 100 ಅಡಿ ತೋರಿಸಿದರೆ ಸರ್ವೆಯಲ್ಲಿ ಅದು ಸುಮಾರು 87 ಅಡಿ ಅಷ್ಟೇ. ಹಾಗಾಗಿ ‘ನಾವೇ ಅಳೆದಿದ್ದೇವೆ, ಸರಿಯಾಗಿದೆ’ ಅನ್ನುವ ಮಾತನ್ನು ನೆಚ್ಚಬೇಡಿ. ದಿಶಾಂಕ್ ಆ್ಯಪ್ ಸರ್ವೆ ನಂಬರ್ ಗುರುತಿಸಲು ಒಳ್ಳೆಯದೇ. ಆದರೆ ಅಡಿಕೆ ಮರಗಳ ಕೆಳಗೆ ಮೊಬೈಲು ಕೆಲವು ಮೀಟರ್ ಆಚೀಚೆ ತೋರಿಸುತ್ತದೆ. ಅದನ್ನು ನೋಡಿ ಬೇಲಿ ಕಂಬ ನೆಡಬೇಡಿ.

ತೋಟದ ಮೇಲಿನ ಸೊಪ್ಪಿನಬೆಟ್ಟವನ್ನೂ ಕೈ ತೋರಿಸಿ ‘ಇದೂ ನಮ್ಮದೇ’ ಅನ್ನುವುದುಂಟು. ಸೊಪ್ಪು, ತರಗೆಲೆ ತರುವ ಸವಲತ್ತು ಬೇರೆ, ಒಡೆತನ ಬೇರೆ. ಅದಕ್ಕೆ ದುಡ್ಡು ಕೊಡಬೇಡಿ.

ಗಡಿ ಗುರುತಿಸಲು ಮಾಲೀಕರಿಂದಲೇ ಹದ್ದುಬಸ್ತಿಗೆ ಅರ್ಜಿ ಹಾಕಿಸಿ. ಸರ್ಕಾರಿ ಸರ್ವೇಯರ್ ಅಕ್ಕಪಕ್ಕದವರಿಗೆ ನೋಟಿಸ್ ಕೊಟ್ಟು, ಹಳೇ ದಾಖಲೆ ಹಿಡಿದು ಅಳೆಯುತ್ತಾರೆ. ಆ ದಿನ ನೀವೂ ಹೋಗಿ. ಪಕ್ಕದ ತೋಟದವರನ್ನು ಮಾತಾಡಿಸಿ, ತಕರಾರಿದ್ದರೆ ಅಲ್ಲೇ ತಿಳಿಯುತ್ತದೆ. ಒಂದೇ ಸರ್ವೆ ನಂಬರಿನಲ್ಲಿ ಒಂದು ಭಾಗ ಮಾತ್ರ ಕೊಳ್ಳುವುದಾದರೆ 11ಇ ನಕ್ಷೆ (ಆ ಭಾಗವನ್ನು ಅಳೆದು ಗುರುತಿಸಿದ ಸರ್ವೆ ನಕ್ಷೆ) ಬೇಕು. ಪಹಣಿಯಲ್ಲಿ ಅಣ್ಣತಮ್ಮಂದಿರ ಹೆಸರು ಒಟ್ಟಿಗಿದ್ದರೆ ಇನ್ನೂ ಹುಷಾರಾಗಿರಿ. ಯಾರ ಪಾಲು ಯಾವ ಮೂಲೆಯಲ್ಲಿ ಅಂತ ಪಹಣಿ ಹೇಳುವುದಿಲ್ಲ, ಅದಕ್ಕೆ ಪೋಡಿ, ಅಂದರೆ ಪಾಲುಗಳನ್ನು ಅಳೆದು ದಾಖಲೆಯಲ್ಲಿ ಬೇರೆ ಬೇರೆ ಮಾಡುವ ಕೆಲಸ, ಆಗಿರಬೇಕು.

ಇನ್ನು ಚಕ್ಕುಬಂದಿ, ಅಂದರೆ ಪತ್ರದಲ್ಲಿ ಬರೆಯುವ ನಾಲ್ಕು ದಿಕ್ಕಿನ ಗಡಿ ವಿವರ. ಹಳೇ ಪತ್ರದಲ್ಲಿದ್ದ ‘ಪೂರ್ವಕ್ಕೆ ಇಂಥವರ ತೋಟ’ ಅನ್ನುವುದನ್ನೇ ಹೊಸ ಪತ್ರಕ್ಕೆ ನಕಲು ಮಾಡಿಬಿಡುತ್ತಾರೆ. ಆ ತೋಟ ಕೈ ಬದಲಾಗಿ ಎಷ್ಟೋ ವರ್ಷ ಆಗಿರುತ್ತದೆ. ನಾಲ್ಕೂ ದಿಕ್ಕಿಗೆ ಈಗಿನ ಸರ್ವೆ ನಂಬರ್ ಸೇರಿಸಿ ಬರೆಸಿ. ದರವನ್ನು ‘ಸರ್ವೆಯಲ್ಲಿ ಬಂದಷ್ಟು ಗುಂಟೆಗೆ ಇಂತಿಷ್ಟು’ ಅಂತಲೇ ಮಾತಾಡಿ. ಅಳತೆ ಕಡಿಮೆ ಬಂದರೂ, ಜಾಸ್ತಿ ಬಂದರೂ ಇಬ್ಬರಿಗೂ ಜಗಳಕ್ಕೆ ಕಾರಣ ಇರುವುದಿಲ್ಲ.