ನಕ್ಷೆಯ ಗಾಢ ಕಲೆ, ಕೆನ್ನೆಯ ಬಿಳಿ ಮಚ್ಚೆ

1975ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಒಂದು ನಕ್ಷೆ ಪುಸ್ತಕ ಹೊರತಂದಿತು. 1950ರಿಂದ 1969ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಯಾವ ಕೌಂಟಿಯಲ್ಲಿ ಯಾವ ಕ್ಯಾನ್ಸರ್‌ನಿಂದ ಎಷ್ಟು ಜನ ತೀರಿಕೊಂಡರು ಅನ್ನುವ ಲೆಕ್ಕವನ್ನು ಬಣ್ಣಗಳಲ್ಲಿ ತೋರಿಸಿದ ಪುಸ್ತಕ ಅದು. ಕೌಂಟಿ ಅಂದರೆ ಹೆಚ್ಚುಕಮ್ಮಿ ನಮ್ಮ ಜಿಲ್ಲೆ ಇದ್ದ ಹಾಗೆ.

ಬಾಯಿ ಮತ್ತು ಗಂಟಲ ಕ್ಯಾನ್ಸರ್‌ನ ಪುಟದಲ್ಲಿ ಗಂಡಸರ ನಕ್ಷೆ ನೋಡಿ ಯಾರಿಗೂ ಅಷ್ಟೇನೂ ಅಚ್ಚರಿಯಾಗಲಿಲ್ಲ. ಈಶಾನ್ಯದ ದೊಡ್ಡ ಪಟ್ಟಣಗಳಲ್ಲಿ ಸಾವು ಜಾಸ್ತಿ ಇತ್ತು. ಸಿಗರೇಟು, ಕುಡಿತ ಎರಡನ್ನೂ ಸೇರಿಸಿ ನೋಡಿದರೆ ಅರ್ಥವಾಗುವ ಮಾತು. ಹೆಂಗಸರ ನಕ್ಷೆಯೇ ಬೇರೆ ಕಥೆ ಹೇಳುತ್ತಿತ್ತು. ಅಲ್ಲಿ ಗಾಢ ಬಣ್ಣ ಬಿದ್ದಿದ್ದು ಆಗ್ನೇಯದ ರಾಜ್ಯಗಳಲ್ಲಿ, ಅದೂ ಹಳ್ಳಿಗಾಡಿನಲ್ಲಿ. ಅದೇ ಕಾಯಿಲೆ, ಅದೇ ದೇಶ. ಗಂಡಸರು ಒಂದು ಮೂಲೆಯಲ್ಲಿ ಸಾಯುತ್ತಿದ್ದರೆ ಹೆಂಗಸರು ಇನ್ನೊಂದು ಮೂಲೆಯಲ್ಲಿ ಸಾಯುತ್ತಿದ್ದರು. ಯಾಕೆ?

ಮೊದಲು ಅನುಮಾನ ಬಿದ್ದಿದ್ದು ಬಟ್ಟೆ ಗಿರಣಿಗಳ ಮೇಲೆ. ಆ ಭಾಗದಲ್ಲಿ ಗಿರಣಿಗಳು ತುಂಬಾ, ಅಲ್ಲಿ ದುಡಿಯುವ ಹೆಂಗಸರೂ ತುಂಬಾ. ಸಂಶೋಧಕರು ನಾರ್ತ್ ಕ್ಯಾರೊಲಿನಾಕ್ಕೆ ಹೋಗಿ ಬಾಯಿ ಅಥವಾ ಗಂಟಲ ಕ್ಯಾನ್ಸರ್ ಬಂದ 255 ಹೆಂಗಸರನ್ನೂ, ಅದು ಬಾರದ 502 ಹೆಂಗಸರನ್ನೂ ಹೋಲಿಸಿ ನೋಡಿದರು. ಏನು ಕೆಲಸ ಮಾಡಿದ್ದೀರಿ, ಏನು ತಿನ್ನುತ್ತೀರಿ, ಹಲ್ಲು ಹೇಗಿದೆ ಅಂತ ಒಂದೊಂದಾಗಿ ವಿಚಾರಿಸಿದರು. ಫಲಿತಾಂಶ 1981ರಲ್ಲಿ ಹೊರಬಂತು. ಕಾರಣ ಗಿರಣಿಯ ಧೂಳಾಗಿರಲಿಲ್ಲ, ನಶ್ಯದ ಪುಡಿಯಾಗಿತ್ತು.

ಮೂಗಿಗೆ ಏರಿಸುವ ನಶ್ಯ ಅಲ್ಲ ಇದು. ಹೊಗೆಸೊಪ್ಪಿನ ನುಣ್ಣನೆ ಪುಡಿಯನ್ನು ಒಂದು ಚಿಟಿಕೆ ತೆಗೆದು ಕೆಳಗಿನ ಒಸಡಿಗೂ ಕೆನ್ನೆಗೂ ನಡುವೆ ಇಟ್ಟುಕೊಳ್ಳುವುದು. ಹೊಗೆ ಇಲ್ಲ, ಬೆಂಕಿ ಇಲ್ಲ, ಕೈ ಕೆಲಸಕ್ಕೆ ಅಡ್ಡಿಯಿಲ್ಲ. ಆ ಭಾಗದ ಹೆಂಗಸರಲ್ಲಿ ಇದು ಹಳೆಯ ರೂಢಿ. ಸಿಗರೇಟು ಸೇದದ ಬಿಳಿಯ ಹೆಂಗಸರನ್ನೇ ತೆಗೆದುಕೊಂಡರೆ, ನಶ್ಯ ಇಟ್ಟುಕೊಳ್ಳುವವರಿಗೆ ಈ ಕ್ಯಾನ್ಸರ್ ಬರುವ ಸಾಧ್ಯತೆ ಉಳಿದವರಿಗಿಂತ ನಾಲ್ಕು ಪಟ್ಟು ಜಾಸ್ತಿ. ತುಂಬಾ ವರ್ಷದಿಂದ ಇಟ್ಟುಕೊಂಡವರಲ್ಲಿ, ಒಸಡು ಮತ್ತು ಕೆನ್ನೆಯ ಒಳಭಾಗದ ಕ್ಯಾನ್ಸರ್ ಒಂದನ್ನೇ ಲೆಕ್ಕ ಹಾಕಿದರೆ, ಅದು ಐವತ್ತು ಪಟ್ಟಿನ ಹತ್ತಿರಕ್ಕೆ ಹೋಯಿತು.

ಇಲ್ಲಿ ಸ್ವಲ್ಪ ನಿಲ್ಲೋಣ. ಐವತ್ತು ಪಟ್ಟು ಆಗಿದ್ದು ಎಲ್ಲಿ? ಪುಡಿ ಕೂರುವ ಜಾಗದಲ್ಲೇ. ಸಾವಿರಾರು ಚದರ ಮೈಲಿ ಹಬ್ಬಿದ್ದ ನಕ್ಷೆಯ ಕಲೆ ಕೊನೆಗೆ ಬಾಯಿಯೊಳಗಿನ ಒಂದು ಹೆಬ್ಬೆರಳಗಲ ಜಾಗಕ್ಕೆ ಬಂದು ನಿಂತಿತು. ಭೂಮಿಯ ಮೇಲೆ ಇರುವ ಹಾಗೆ ಬಾಯಿಯ ಒಳಗೂ ಒಂದು ಭೂಗೋಳ ಇದೆ. ಹೊರಗಿನ ನಕ್ಷೆ ಅರ್ಥವಾಗಬೇಕಾದರೆ ಒಳಗಿನದನ್ನು ಓದಬೇಕು.

ಆಂಧ್ರದ ಶ್ರೀಕಾಕುಳಂ, ವಿಶಾಖಪಟ್ಟಣದ ಕಡಲ ತೀರದ ಹಳ್ಳಿಗಳನ್ನು ನೋಡಿ. ಅಲ್ಲಿ ಹೆಂಗಸರು ಚುಟ್ಟಾ ಸೇದುವ ರೀತಿಯೇ ಬೇರೆ. ಉರಿಯುವ ತುದಿಯನ್ನು ಬಾಯಿಯ ಒಳಗೆ ಇಟ್ಟುಕೊಳ್ಳುತ್ತಾರೆ. ತೆಲುಗಿನಲ್ಲಿ ಇದಕ್ಕೆ 'ಅಡ್ಡ ಪೊಗ' ಅನ್ನುತ್ತಾರೆ. ಬಾಯಿ ಮುಚ್ಚಿದರೆ ಕಿಡಿ ಒಳಗೇ ಇರುತ್ತದೆ, ಗಾಳಿಗೆ ಆರುವುದಿಲ್ಲ, ನೀರು ತಾಗುವುದಿಲ್ಲ. ಬೂದಿ, ಬಿಸಿ, ಹೊಗೆ ಎಲ್ಲ ನೇರವಾಗಿ ತಾಗುವುದು ಅಂಗುಳಕ್ಕೆ. ಮೊದಲು ಅಂಗುಳ ಬಿಳಿಚಿಕೊಳ್ಳುತ್ತದೆ, ಅದರ ನಡುವೆ ಕೆಂಪು ಚುಕ್ಕಿಗಳು ಏಳುತ್ತವೆ. ಪ್ರಪಂಚದ ಬೇರೆ ಕಡೆ ಗಟ್ಟಿ ಅಂಗುಳದ ಕ್ಯಾನ್ಸರ್ ಅಪರೂಪ. ಈ ಹಳ್ಳಿಗಳಲ್ಲಿ ಅದು ವೈದ್ಯರಿಗೆ ಪರಿಚಿತ ಕಾಯಿಲೆ, ಅದೂ ಹೆಂಗಸರಲ್ಲಿ ಜಾಸ್ತಿ.

ಈಗ ಪಪುವಾ ನ್ಯೂಗಿನಿಗೆ ಬನ್ನಿ. ಬಾಯಿ ಕ್ಯಾನ್ಸರ್‌ನಲ್ಲಿ ಈ ದೇಶ ಪ್ರಪಂಚದ ಪಟ್ಟಿಯ ಮೇಲ್ತುದಿಯಲ್ಲೇ ಇರುತ್ತದೆ. ಅಲ್ಲಿಯೂ ಅಡಿಕೆ ಜಗಿಯುತ್ತಾರೆ. ಆದರೆ ಎಲೆಗೆ ಸುಣ್ಣ ಹಚ್ಚಿ ಮಡಚುವ ಪದ್ಧತಿಯಲ್ಲ. ಅಡಿಕೆ ಬಾಯಿಗೆ ಹಾಕಿಕೊಂಡು, ವೀಳ್ಯದ ಬಳ್ಳಿಯ ಕಾಯನ್ನು ಸುಣ್ಣದ ಪುಡಿಯಲ್ಲಿ ಅದ್ದಿ, ಅದನ್ನು ಬಾಯಿಯ ಒಂದು ಬದಿಯಿಂದ ಕಚ್ಚುತ್ತಾರೆ. ಸುಣ್ಣ ಪ್ರತಿ ಸಲ ಬೀಳುವುದು ಅದೇ ಜಾಗಕ್ಕೆ, ತುಟಿ ಸೇರುವ ಮೂಲೆಗೋ ಕೆನ್ನೆಗೋ. ಸಂಶೋಧಕರು ರೋಗಿಗಳನ್ನು ಕೂರಿಸಿಕೊಂಡು 'ನೀವು ಸುಣ್ಣ ಎಲ್ಲಿ ಇಟ್ಟುಕೊಳ್ತೀರಿ?' ಅಂತ ಕೇಳಿದಾಗ, ಬಹುತೇಕ ಜನರ ಗಡ್ಡೆ ಅದೇ ಜಾಗದಲ್ಲಿತ್ತು.

ಸುಣ್ಣ ಸುಡುವುದಷ್ಟೇ ಮಾಡುವುದಿಲ್ಲ. ಅದು ಬಾಯಿಯ ಕ್ಷಾರ ಗುಣವನ್ನು ಏರಿಸುತ್ತದೆ. ಆಗ ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಅಂಶ ಬೇಗ ಬಿಡಿಸಿಕೊಂಡು ಚರ್ಮದೊಳಗೆ ಇಳಿಯುತ್ತದೆ. ಅರೆಕೋಲಿನ್ ಕೆನ್ನೆಯ ಒಳಪದರದಲ್ಲಿ ನಾರು ಬೆಳೆಸುತ್ತದೆ. ಅಡಿಕೆಯಲ್ಲಿರುವ ತಾಮ್ರ ಆ ನಾರನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ಬಲೂನಿನ ಹಾಗೆ ಮೆತ್ತಗಿರಬೇಕಾದ ಕೆನ್ನೆ ನಿಧಾನವಾಗಿ ತೊಗಲಿನ ಹಾಗೆ ಬಿಗಿಯುತ್ತದೆ. ಮೊದಲು ಖಾರ ತಿಂದರೆ ಉರಿ. ಆಮೇಲೆ ಸೀಟಿ ಊದಲು ಆಗುವುದಿಲ್ಲ. ಆಮೇಲೆ ಬಾಯಿ ಪೂರ್ತಿ ತೆರೆಯುವುದಿಲ್ಲ. ನಿಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಮೇಲಿನ ಕೆಳಗಿನ ಹಲ್ಲುಗಳ ನಡುವೆ ಇಟ್ಟು ನೋಡಿ. ಸಾಮಾನ್ಯವಾಗಿ ಸಲೀಸಾಗಿ ಹೋಗಬೇಕು. ಎರಡಕ್ಕೇ ನಿಂತರೆ ವೈದ್ಯರ ಹತ್ತಿರ ಹೋಗಲೇಬೇಕು. ಇಪ್ಪತ್ತರ ಹರೆಯದ ಹುಡುಗರಲ್ಲಿ ಈ ಸ್ಥಿತಿ ಕಾಣುತ್ತಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ. ಹೀಗೆ ಬಿಗಿದ ಬಾಯಿಗಳಲ್ಲಿ ಒಂದಷ್ಟು ಮುಂದೆ ಕ್ಯಾನ್ಸರ್‌ಗೆ ತಿರುಗುತ್ತವೆ.

'ಹೊಗೆಸೊಪ್ಪು ಹಾಕಿಕೊಂಡರೆ ತಾನೇ ಅಪಾಯ, ಬರೀ ಅಡಿಕೆಗೆ ಏನಾಗುತ್ತೆ' ಅನ್ನುವ ಮಾತು ತುಂಬಾ ಕೇಳುತ್ತೇವೆ. ಅದಕ್ಕೆ ಉತ್ತರ ತೈವಾನ್‌ನಲ್ಲಿದೆ. ಅಲ್ಲಿ ಅಡಿಕೆಯ ಜೊತೆ ಹೊಗೆಸೊಪ್ಪು ಸೇರಿಸುವುದಿಲ್ಲ. ಆದರೂ ಅಲ್ಲಿನ ಗಂಡಸರಲ್ಲಿ ಬಾಯಿ ಕ್ಯಾನ್ಸರ್ ದೊಡ್ಡ ಪಿಡುಗು. ತೈವಾನ್‌ನಂಥ ಕಡೆಯ ಪುರಾವೆಗಳನ್ನು ನೋಡಿಯೇ 2004ರ ವರದಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನೇ ಕ್ಯಾನ್ಸರ್ ತರುವ ವಸ್ತುಗಳ ಮೊದಲನೇ ಗುಂಪಿಗೆ ಸೇರಿಸಿತು.

ಇದರ ಇನ್ನೊಂದು ಮುಖ ಸ್ವೀಡನ್ ಮತ್ತು ಸುಡಾನ್. ಎರಡೂ ಕಡೆ ಹೊಗೆಸೊಪ್ಪಿನ ಒದ್ದೆ ಪುಡಿಯನ್ನು ತುಟಿಯ ಹಿಂದೆ ಇಟ್ಟುಕೊಳ್ಳುತ್ತಾರೆ. ಸುಡಾನ್‌ನ ತೂಂಬಾಕ್ ಹುದುಗಿಸಿ ಮಾಡುವ ಪುಡಿ. ಹುದುಗುವಾಗ ಬ್ಯಾಕ್ಟೀರಿಯಾಗಳು ಕೆಲಸ ಮಾಡಿ ನೈಟ್ರೋಸಮೈನ್ ಎಂಬ ಕ್ಯಾನ್ಸರ್‌ಕಾರಕಗಳನ್ನು ಹೆಚ್ಚಿಸುತ್ತವೆ. ಸ್ವೀಡನ್‌ನ ಸ್ನಸ್ ಅನ್ನು ಬಿಸಿ ಮಾಡಿ ತಯಾರಿಸುತ್ತಾರೆ, ಬ್ಯಾಕ್ಟೀರಿಯಾ ಸಾಯುತ್ತವೆ. ನೈಟ್ರೋಸಮೈನ್ ಪ್ರಮಾಣದಲ್ಲಿ ಎರಡಕ್ಕೂ ಅಜಗಜಾಂತರ. ಬಾಯಿ ಕ್ಯಾನ್ಸರ್‌ನಲ್ಲೂ ಹಾಗೆಯೇ. ಹಾಗಂತ ಸ್ನಸ್ ಒಳ್ಳೆಯದು ಅಂತಲ್ಲ, ಅದರಲ್ಲಿಯೂ ಚಟ ಹಿಡಿಸುವ ನಿಕೋಟಿನ್ ಇದೆ. ತಯಾರಿಸುವ ವಿಧಾನ ಬದಲಾದರೆ ನಕ್ಷೆಯ ಬಣ್ಣವೂ ಬದಲಾಗುತ್ತದೆ, ನಾನು ಹೇಳುತ್ತಿರುವುದು ಅಷ್ಟೇ.

ಯುರೋಪಿನ ನಕ್ಷೆಯಲ್ಲಿ ಗಾಢ ಬಣ್ಣ ತಂದಿದ್ದು ಕುಡಿತ. 1970ರ, 80ರ ದಶಕಗಳಲ್ಲಿ ಫ್ರಾನ್ಸ್‌ನ ಗಂಡಸರು, ಅದರಲ್ಲೂ ಉತ್ತರದ ಕಡೆಯವರು, ಬಾಯಿ ಗಂಟಲ ಕ್ಯಾನ್ಸರ್‌ನಿಂದ ತುಂಬಾ ಸಾಯುತ್ತಿದ್ದರು. ಅಲ್ಲಿ ವೈನ್ ಕುಡಿಯುವುದು ಇಳಿಯುತ್ತಾ ಬಂದ ಹಾಗೆ ಸಾವೂ ಇಳಿಯಿತು. ಅದೇ ಹೊತ್ತಿಗೆ ಹಂಗೇರಿಯಲ್ಲಿ ಏರಿತು. 1990ರ ದಶಕದಲ್ಲಿ ಯುರೋಪಿನಲ್ಲೇ ಅತಿ ಹೆಚ್ಚು ಸಾವು ಅಲ್ಲಿನ ಗಂಡಸರದು. ಕುಡಿದ ಆಲ್ಕೋಹಾಲ್ ಬಾಯಿಯಲ್ಲೇ ಅಸಿಟಾಲ್ಡಿಹೈಡ್ ಆಗಿ ಬದಲಾಗಲು ಶುರುವಾಗುತ್ತದೆ. ಅದು ಜೀವಕೋಶದ ಡಿಎನ್ಎಯನ್ನು ಕೆಡಿಸುತ್ತದೆ. ಜೊತೆಗೆ ಸಿಗರೇಟು ಸೇರಿದರೆ ಲೆಕ್ಕ ಕೂಡುವುದಿಲ್ಲ, ಗುಣಿಸುತ್ತದೆ. 1988ರ ಒಂದು ಅಮೆರಿಕನ್ ಅಧ್ಯಯನದಲ್ಲಿ ಎರಡನ್ನೂ ವಿಪರೀತ ಮಾಡುವವರ ಅಪಾಯ, ಎರಡನ್ನೂ ಮುಟ್ಟದವರಿಗಿಂತ 35 ಪಟ್ಟಿಗೂ ಜಾಸ್ತಿ ಇತ್ತು.

ಗಂಟಲು ಅಂತ ಒಂದೇ ಪದ ಬಳಸುತ್ತೇವೆ, ಆದರೆ ಅದು ಮೂರು ಅಂತಸ್ತಿನ ಮನೆ. ಮೇಲಿನ ಅಂತಸ್ತು ಮೂಗಿನ ಹಿಂಭಾಗ. ಇಲ್ಲಿನ ಕ್ಯಾನ್ಸರ್ ದಕ್ಷಿಣ ಚೀನಾದಲ್ಲಿ ಜಾಸ್ತಿ, ಎಪ್‌ಸ್ಟೀನ್-ಬಾರ್ ವೈರಸ್‌ಗೂ ಚಿಕ್ಕಂದಿನಿಂದ ತಿನ್ನುವ ಉಪ್ಪು ಹಾಕಿದ ಮೀನಿಗೂ ನಂಟು. ಕೆಳಗಿನ ಅಂತಸ್ತು ಅನ್ನನಾಳದ ಬಾಗಿಲು. ತಂಬಾಕು, ಕುಡಿತ ಇಲ್ಲಿಯೂ ಹಾನಿ ಮಾಡುತ್ತವೆ. ನಡುವಿನ ಅಂತಸ್ತಿನಲ್ಲಿ ಟಾನ್ಸಿಲ್ ಮತ್ತು ನಾಲಿಗೆಯ ಬುಡ. ಅಮೆರಿಕ, ಉತ್ತರ ಯುರೋಪಿನಲ್ಲಿ ಇಲ್ಲಿನ ಕ್ಯಾನ್ಸರ್‌ಗೆ ಈಗ ಎಚ್‌ಪಿವಿ, ಅಂದರೆ ಹ್ಯೂಮನ್ ಪ್ಯಾಪಿಲೋಮಾ ವೈರಸ್, ಮುಖ್ಯ ಕಾರಣ. ಇದು ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ. 2010ರ ಒಂದು ಅಧ್ಯಯನದಲ್ಲಿ, ಈ ಭಾಗದ ಮುಂದುವರಿದ ಹಂತದ ಕ್ಯಾನ್ಸರ್ ಇದ್ದವರಲ್ಲಿ, ವೈರಸ್‌ನಿಂದ ಬಂದವರ ಪೈಕಿ ಮೂರು ವರ್ಷದ ನಂತರ ನೂರಕ್ಕೆ 82 ಮಂದಿ ಬದುಕಿದ್ದರು. ಉಳಿದವರಲ್ಲಿ 57 ಮಂದಿ. ಅಂದರೆ ಎರಡು ದೇಶಗಳಲ್ಲಿ ಒಂದೇ ಸಂಖ್ಯೆಯ ಜನಕ್ಕೆ ಗಂಟಲ ಕ್ಯಾನ್ಸರ್ ಬಂದರೂ ಸಾವಿನ ಸಂಖ್ಯೆ ಒಂದೇ ಇರಬೇಕೆಂದಿಲ್ಲ.

ಸಾವಿನ ನಕ್ಷೆ ಓದುವಾಗ ಮನಸ್ಸಿನಲ್ಲಿ ಇರಬೇಕಾದ ಮಾತು ಇದೇ. ಕಾಯಿಲೆ ಬರುವುದು ಬೇರೆ, ಅದರಿಂದ ಸಾಯುವುದು ಬೇರೆ. ಆಸ್ಟ್ರೇಲಿಯಾದಲ್ಲಿ ಸುಡುವ ಬಿಸಿಲಿಗೆ ತುಟಿಯ ಕ್ಯಾನ್ಸರ್ ತುಂಬಾ ಬರುತ್ತದೆ. ಆದರೆ ತುಟಿ ಕಣ್ಣಿಗೆ ಕಾಣುತ್ತದೆ, ಬೇಗ ತೋರಿಸಿಕೊಳ್ಳುತ್ತಾರೆ, ಸಾಯುವವರು ತೀರಾ ಕಡಿಮೆ. ಭಾರತದ ಲೆಕ್ಕ ಇದಕ್ಕೆ ಉಲ್ಟಾ. 2020ರ ಅಂದಾಜಿನ ಪ್ರಕಾರ ಪ್ರಪಂಚದಲ್ಲಿ ತುಟಿ ಮತ್ತು ಬಾಯಿಯ ಕ್ಯಾನ್ಸರ್ ಹೊಸದಾಗಿ ಬಂದಿದ್ದು ಸುಮಾರು 3.78 ಲಕ್ಷ ಜನಕ್ಕೆ, ಅದರಲ್ಲಿ ಭಾರತದವರು 1.36 ಲಕ್ಷ. ಸತ್ತವರು ಪ್ರಪಂಚದಲ್ಲಿ 1.78 ಲಕ್ಷ, ಭಾರತದಲ್ಲಿ 75 ಸಾವಿರ. ನೂರಕ್ಕೆ 36 ರೋಗಿಗಳು ನಮ್ಮವರಾದರೆ, ನೂರು ಸಾವಿನಲ್ಲಿ 42 ನಮ್ಮವು. 36ಕ್ಕೂ 42ಕ್ಕೂ ನಡುವಿನ ಆ ಆರನ್ನು ಅಡಿಕೆ ತಂಬಾಕಿನ ತಲೆಗಷ್ಟೇ ಕಟ್ಟಲಾಗುವುದಿಲ್ಲ. ತಡವಾಗಿ ಪತ್ತೆಯಾಗುವುದು, ಆಸ್ಪತ್ರೆ ದೂರ ಇರುವುದು, ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದು ಇವೆಲ್ಲ ಅದರಲ್ಲಿವೆ.

2012ರಲ್ಲಿ ಪ್ರಕಟವಾದ, ದೇಶದುದ್ದಕ್ಕೂ ಮನೆಮನೆಗೆ ಹೋಗಿ ಸಾವಿನ ಕಾರಣ ಕೇಳಿ ಮಾಡಿದ ದೊಡ್ಡ ಅಧ್ಯಯನ ಇದನ್ನು ಇನ್ನೂ ಬಿಡಿಸಿ ತೋರಿಸಿತು. ಭಾರತದಲ್ಲಿ 30ರಿಂದ 69 ವಯಸ್ಸಿನವರಲ್ಲಿ ಶ್ವಾಸಕೋಶದ ಕ್ಯಾನ್ಸರ್‌ಗಿಂತ ಎರಡರಷ್ಟು ಜನ ಬಾಯಿ ಗಂಟಲ ಕ್ಯಾನ್ಸರ್‌ನಿಂದ ಸಾಯುತ್ತಿದ್ದರು. ಎಲ್ಲ ಕ್ಯಾನ್ಸರ್‌ಗಳನ್ನೂ ಸೇರಿಸಿ ನೋಡಿದರೆ ರಾಜ್ಯದಿಂದ ರಾಜ್ಯಕ್ಕೆ ಭಾರಿ ವ್ಯತ್ಯಾಸ ಇತ್ತು, ಈಶಾನ್ಯ ಭಾರತದ ಗಂಡಸರ ಸ್ಥಿತಿ ಎಲ್ಲರಿಗಿಂತ ಕೆಟ್ಟದಾಗಿತ್ತು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಖ್ಯೆ. ಓದು ಬರಹ ಬಾರದ ಗಂಡಸರಲ್ಲಿ ಕ್ಯಾನ್ಸರ್ ಸಾವಿನ ದರ ಲಕ್ಷಕ್ಕೆ 106.6. ಹೆಚ್ಚು ಓದಿದವರಲ್ಲಿ 45.7. ವಯಸ್ಸಿನ ವ್ಯತ್ಯಾಸವನ್ನು ಸರಿದೂಗಿಸಿದ ಮೇಲಿನ ಲೆಕ್ಕ ಇದು. ಒಂದೇ ಊರಿನ ಎರಡು ಬೀದಿಗಳ ನಡುವೆಯೂ ಇಷ್ಟು ಅಂತರ ಇರಬಹುದು, ಯಾವ ನಕ್ಷೆಯಲ್ಲೂ ಅದು ಕಾಣುವುದಿಲ್ಲ.

ಬಾಯಿಯ ವಿಷಯದಲ್ಲಿ ಇದು ಇನ್ನೂ ಸಂಕಟದ ಮಾತು, ಯಾಕೆಂದರೆ ಬಾಯಿಯನ್ನು ನೋಡಲು ಯಂತ್ರ ಬೇಕಿಲ್ಲ. ಒರೆಸಿದರೆ ಹೋಗದ ಬಿಳಿ ಮಚ್ಚೆ, ಮಖಮಲ್ಲಿನ ಹಾಗೆ ಕಾಣುವ ಕೆಂಪು ಮಚ್ಚೆ, ಎರಡು ಮೂರು ವಾರವಾದರೂ ಮಾಯದ ಹುಣ್ಣು. ಮೊದಲ ಹಂತದಲ್ಲಿ ನೋವಿರುವುದಿಲ್ಲ, ಅದಕ್ಕೇ ಜನ ಸುಮ್ನೆ ಬಿಟ್ಟುಬಿಡುತ್ತಾರೆ. ನೋವು ಶುರುವಾಗಿ, ಕತ್ತಿನಲ್ಲಿ ಗಂಟು ಕಂಡಾಗ ಬರುವವರೇ ನಮ್ಮಲ್ಲಿ ಹೆಚ್ಚು.

ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ 1996ರಲ್ಲಿ ಒಂದು ಪ್ರಯೋಗ ಶುರುವಾಯಿತು. 13 ಪಂಚಾಯತಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನ ಊರುಗಳಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋದರು. ಇವರು ವೈದ್ಯರಲ್ಲ. ಬೆಳಕಿನಲ್ಲಿ ಬಾಯಿ ತೆರೆಸಿ ಕೆನ್ನೆ, ಒಸಡು, ನಾಲಿಗೆಯ ಅಡಿ ಕಣ್ಣಿಂದ ನೋಡುವುದು, ಅನುಮಾನ ಬಂದರೆ ವೈದ್ಯರ ಹತ್ತಿರ ಕಳಿಸುವುದು, ಅವರ ಕೆಲಸ ಅಷ್ಟೇ. 2005ರಲ್ಲಿ ಫಲಿತಾಂಶ ಬಂದಾಗ, ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರ್ ಸಾವು ತಪಾಸಣೆ ನಡೆದ ಊರುಗಳಲ್ಲಿ ಇನ್ನೊಂದು ಗುಂಪಿನ ಊರುಗಳಿಗಿಂತ ನೂರಕ್ಕೆ 34ರಷ್ಟು ಕಮ್ಮಿಯಿತ್ತು. ತೈವಾನ್ ಇದೇ ದಾರಿಯಲ್ಲಿ ಅಡಿಕೆ ಜಗಿಯುವ ಅಥವಾ ಸಿಗರೇಟು ಸೇದುವ ಜನರನ್ನು ತಪಾಸಣೆಗೆ ಕರೆಯಿತು, ಸುಮಾರು 23 ಲಕ್ಷ ಜನ ಬಂದು ತೋರಿಸಿಕೊಂಡರು. ತೋರಿಸಿಕೊಂಡವರಲ್ಲಿ ಸಾವು, ಬಾರದವರಿಗಿಂತ ನೂರಕ್ಕೆ 26ರಷ್ಟು ಇಳಿಯಿತು.

ಕೇರಳದಲ್ಲಿ ಆಮೇಲೆಯೂ ಅದೇ ಜನರ ಬೆನ್ನು ಬಿಡದೆ ಲೆಕ್ಕ ಇಟ್ಟರು. ನಾಲ್ಕು ಸುತ್ತು ತಪಾಸಣೆ ನಡೆದಿತ್ತು. ನಾಲ್ಕಕ್ಕೂ ತಪ್ಪದೆ ಬಾಯಿ ತೆರೆದು ತೋರಿಸಿದವರಲ್ಲಿ ಸಾವಿನ ಇಳಿಕೆ ಎಲ್ಲರಿಗಿಂತ ಜಾಸ್ತಿ ಇತ್ತು.