ಅಂಗಳದಲ್ಲಿ ಎರಡೇ ನಿಮಿಷ

ಮೇ ತಿಂಗಳ ಕೊನೆಗೆ ನಮ್ಮಲ್ಲಿಗೆ ರಿಪೇರಿಗೆ, ದೋಣಿಯ ಹಿಂಬದಿಗೆ ಹೊರಗಿನಿಂದ ಕಟ್ಟುವ ಹಳೆಯ ಔಟ್‌ಬೋರ್ಡ್ ಎಂಜಿನ್‌ಗಳು ಬರತೊಡಗುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದ್ದು, 10 ಅಶ್ವಶಕ್ತಿಯವರೆಗಿನ ಎಂಜಿನ್ ಕಟ್ಟಿದ ನಾಡದೋಣಿಗಳಿಗೆ ವಿನಾಯಿತಿ ಇರುವುದರಿಂದ, ಯಾರದೋ ಕೊಟ್ಟಿಗೆಯಲ್ಲಿ ಐದಾರು ವರ್ಷ ಬಿದ್ದಿದ್ದ ಎಂಜಿನ್ನಿಗೂ ಆಗ ಗಿರಾಕಿ ಹುಟ್ಟುತ್ತಾನೆ. ಕೊಂಡವರು ನನ್ನಲ್ಲಿಗೆ ತರುವ ಮೊದಲೇ ಅದನ್ನು ಅಂಗಳದ ಕಟ್ಟೆಗೆ ಬಿಗಿದು, ನೀರಿಲ್ಲದೆ ಹಗ್ಗ ಎಳೆದು, ಸದ್ದು ಕೇಳಿ ಸಂತೋಷಪಟ್ಟಿರುತ್ತಾರೆ.

ಕಳೆದ ವರ್ಷ ಗಂಗೊಳ್ಳಿಯ ಕಡೆಯ ಹಿರಿಯರೊಬ್ಬರು, "ಎರಡೇ ನಿಮಿಷ ಓಡಿಸಿದ್ದು ಮಾರಾಯ್ರೆ, ಬಿಸಿ ಕೂಡ ಆಗ್ಲಿಲ್ಲ" ಎಂದರು. ಬಿಚ್ಚಿದರೆ ಪಂಪಿನೊಳಗಿನ ರಬ್ಬರ್ ಚಕ್ರದ, ಅಂದರೆ ಇಂಪೆಲ್ಲರಿನ, ಆರು ಎಸಳುಗಳಲ್ಲಿ ಎರಡು ಇರಲಿಲ್ಲ. ಒಂದು ತುಂಡು ಪಂಪಿನಲ್ಲೇ ಸಿಕ್ಕಿತು. ಇನ್ನೊಂದು ನೀರಿನ ದಾರಿ ಹಿಡಿದು ಮೇಲೇರಿ ಥರ್ಮೋಸ್ಟಾಟಿನ ಬಾಯಿಗೆ ಕೂತಿತ್ತು, ಅದನ್ನು ಹುಡುಕುವಲ್ಲಿ ಅರ್ಧ ದಿನ ಹೋಯಿತು.

ಎಂಜಿನ್ ಬಿಸಿಯಾದರೆ ಮಾತ್ರ ಕೆಡುತ್ತದೆ ಎಂಬ ಬೈಕಿನ ಲೆಕ್ಕವನ್ನು ಇಲ್ಲಿಗೂ ತರುವುದೇ ತಪ್ಪು. ಮೊದಲು ಕೆಡುವುದು ಎಂಜಿನ್ ಅಲ್ಲ, ಕೆಳಗಿನ ಕಾಲಿನೊಳಗೆ ನೀರೆತ್ತುವ ಈ ರಬ್ಬರ್ ಚಕ್ರ. ಅದರ ಎಸಳುಗಳು ಸದಾ ಪಂಪಿನ ಗೋಡೆಗೆ ಒತ್ತಿ ಬಾಗಿಯೇ ಇರುತ್ತವೆ; ವರ್ಷಗಟ್ಟಲೆ ತಿರುಗದಿದ್ದರೆ ಹಾಗೆಯೇ ಗಟ್ಟಿಯಾಗುತ್ತವೆ. ಅವಕ್ಕೆ ನೀರೇ ಎಣ್ಣೆ. ನೀರಿಲ್ಲದೆ ತಿರುಗಿಸಿದರೆ ಮೇಲಿನ ಸಿಲಿಂಡರ್ ಕೈಗೆ ತಣ್ಣಗಿರುವಾಗಲೇ ಕೆಳಗೆ ರಬ್ಬರ್ ಉಜ್ಜಿ ಸುಟ್ಟಿರುತ್ತದೆ. ಗಾಳಿಯಿಂದ ತಣಿಯುವ ಪುಟ್ಟ ಎಂಜಿನ್‌ಗಳ ಮಾತು ಬೇರೆ. ಉಳಿದವುಗಳಲ್ಲಿ, ನೋಡಲು ಎಷ್ಟೇ ಚೆನ್ನಾಗಿರಲಿ, ಹಳೆಯ ಇಂಪೆಲ್ಲರನ್ನು ಮೊದಲ ಸ್ಟಾರ್ಟಿಗೆ ಮುನ್ನವೇ ಬದಲಿಸುವುದು ಕ್ಷೇಮ.

ಪ್ಲಗ್ ಬಿಚ್ಚಿ ಸಿಲಿಂಡರಿಗೆ ಸ್ವಲ್ಪ ಎಣ್ಣೆ ಬಿಟ್ಟು, ಮರುದಿನ ಎಂಜಿನ್ನಿನ ತಲೆಯ ಮೇಲಿನ ಚಕ್ರವನ್ನು (ಫ್ಲೈವೀಲ್) ಅದು ಓಡುವ ದಿಕ್ಕಿನಲ್ಲೇ ಕೈಯಿಂದ ನಿಧಾನವಾಗಿ ತಿರುಗಿಸಬೇಕು. ಹಿಂದಕ್ಕೆ ತಿರುಗಿಸಿದರೆ ಎಸಳುಗಳು ಮಗುಚಿಕೊಳ್ಳುತ್ತವೆ. ಗೇರ್ ಆಯಿಲ್ ಹಾಲು ಬೆರೆಸಿದಂತೆ ಕಂಡರೆ ಸೀಲ್ ಹೋಗಿ ನೀರು ಸೇರಿದೆ ಎಂದರ್ಥ. ಸೀಮೆಎಣ್ಣೆಯಲ್ಲಿ ಓಡುವ ಎಂಜಿನ್ನನ್ನು ಪೆಟ್ರೋಲಿಗೆ ಬದಲಾಯಿಸದೆ ನಿಲ್ಲಿಸಿದ್ದರೆ ಕಾರ್ಬ್ಯುರೇಟರ್ ತೊಳೆಯದೆ ಗತಿಯಿಲ್ಲ. ಇಂಧನಕ್ಕೆ ಬೆರೆಸುವ ಎಣ್ಣೆಯ ಪ್ರಮಾಣ ಹಲವು ಎರಡು ಸ್ಟ್ರೋಕ್ ಎಂಜಿನ್‌ಗಳಲ್ಲಿ ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರ್. ಆದರೆ ನಿಮ್ಮದರ ಕೈಪಿಡಿ ಹೇಳಿದ್ದೇ ಅಂತಿಮ.

ಆಮೇಲೆ ದೋಣಿಯನ್ನು ನೂಕುವ ಫ್ಯಾನ್ (ಪ್ರೊಪೆಲ್ಲರ್) ಬಿಚ್ಚಿಟ್ಟು, ಅದರ ಮೇಲಿನ ಅಗಲ ತಟ್ಟೆ ಪೂರ್ತಿ ಮುಳುಗುವಂತೆ ನೀರಿನ ಡ್ರಮ್ಮಿನಲ್ಲಿ ಎಂಜಿನ್ನನ್ನು ಇಳಿಸಿ ಹಗ್ಗ ಎಳೆಯಿರಿ. ಅರ್ಧ ನಿಮಿಷದೊಳಗೆ ಪಕ್ಕದ ಸಣ್ಣ ತೂತಿನಿಂದ ನೀರು ಚಿಮ್ಮದಿದ್ದರೆ ಆರಿಸಿಬಿಡಿ. ಪಂಪನ್ನು ಬೈಯುವ ಮೊದಲು ಆ ತೂತಿಗೆ ತೆಳುವಾದ ತಂತಿ ಹಾಕಿ ನೋಡಿ. ಕೊಟ್ಟಿಗೆಯಲ್ಲಿದ್ದ ಎಂಜಿನ್‌ಗಳಲ್ಲಿ ಕುಂಬಾರ ಹುಳ ಅಲ್ಲಿ ಮಣ್ಣಿನ ಗೂಡು ಕಟ್ಟಿರುವುದುಂಟು. ಗಂಗೊಳ್ಳಿಯ ಹಿರಿಯರ ಎಂಜಿನ್ನಿನಲ್ಲಿ ಅದೂ ಇತ್ತು.